ಒಂದೇ ರಕ್ತ, ಬೇರೆ ಗಾಳಿ

(ಉಯ್ಯಂಬಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕವಿಯನ್ನ ಕರೆಸಿದ್ದೀರಿ, ಪದ್ಯ ಓದ್ತಾನೆ ಅಂತ ಕಾದು ಕೂತಿದ್ದೀರಿ. ಇವತ್ತು ಪದ್ಯ ಬೇಡ. ಇವತ್ತು ಉಬ್ಬಸದ ಬಗ್ಗೆ ಮಾತಾಡೋಣ. ಭೂಮಿ ಬಗ್ಗೆ, ಮೀಸಲಾತಿ ಬಗ್ಗೆ, ಸ್ಕಾಲರ್‌ಶಿಪ್ಪಿನ ಬಗ್ಗೆ ಮಾತಾಡಬೇಕಾದ ಸಭೇಲಿ ಕಾಯಿಲೆಯ ಮಾತು ಯಾಕೆ ಅಂತ ಹಿಂದುಗಡೆ ಕೂತೋರು ಗುಸುಗುಸು ಮಾಡ್ತಿರೋದು ನನಗೂ ಕೇಳಿಸ್ತಾ ಇದೆ. ಉಸಿರು ನೆಟ್ಟಗಿದ್ದೋನು ತಾನೆ ಘೋಷಣೆ ಕೂಗೋಕೆ ಆಗೋದು? ಅದಕ್ಕೇ ಈ ಮಾತು.

ನಾನು ಬಿ.ಎ. ಓದಿದವನು, ಡಾಕ್ಟರಲ್ಲ. ಓದಿ ತಿಳಿದದ್ದನ್ನು, ಕೇರಿಗಳಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡ್ತೀನಿ. ಮದ್ದು ಎಷ್ಟು, ಯಾವ ಹೊತ್ತಿಗೆ ಅನ್ನೋದನ್ನ ಮಾತ್ರ ಡಾಕ್ಟರನ್ನೇ ಕೇಳಿ.

ನಮ್ಮ ಕಡೆ ಇದಕ್ಕೆ ಉಬ್ಬಸ ಅಂತಾರೆ, ಗೂರಲು ಅಂತಾರೆ, ದಮ್ಮು ಅಂತಾರೆ. ಆಸ್ಪತ್ರೇಲಿ ಆಸ್ತಮಾ ಅಂತಾರೆ. ಹೆಸರು ಯಾವುದಾದರೂ ಚಿತ್ರ ಒಂದೇ. ನಡುರಾತ್ರಿ ಮಗು ಎದ್ದು ಕೂರುತ್ತೆ. ಮುಂದಕ್ಕೆ ಬಾಗಿ ಎರಡು ಕೈ ಚಾಪೆ ಮೇಲೆ ಊರುತ್ತೆ. ಪಕ್ಕೆಲುಬಿನ ಸಂದು ಒಳಕ್ಕೆ ಸೆಳೀತದೆ. ಎದೆಯೊಳಗೆ ಗುಯ್ ಗುಯ್ ಅನ್ನೋ ಸದ್ದು. ತಾಯಿ ಬೆನ್ನು ಉಜ್ಜುತ್ತಾಳೆ, ಬಿಸಿನೀರು ಕುಡಿಸ್ತಾಳೆ, ಬೆಳಗಾಗೋದನ್ನೇ ಕಾಯ್ತಾಳೆ. ಬೆಳಿಗ್ಗೆ ಮಗು ಸ್ಕೂಲಿಗೆ ಹೋಗಲ್ಲ, ತಾಯಿ ಕೂಲಿಗೆ ಹೋಗಲ್ಲ. ಒಂದು ರಾತ್ರಿಯ ಉಬ್ಬಸ ಒಂದು ದಿನದ ಪಾಠವನ್ನೂ ಒಂದು ದಿನದ ಅನ್ನವನ್ನೂ ಕಿತ್ತುಕೊಳ್ಳುತ್ತೆ.

ಯಾಕೆ ಬಂತು ಅಂತ ಕೇಳಿ ನೋಡಿ. ಊರಿನ ಹಿರೀಕರು ಏನಂತಾರೆ? “ಅವರ ವಂಶದಲ್ಲೇ ಐತೆ ಕಣಪ್ಪ. ಅವರಪ್ಪಂಗೂ ಇತ್ತು, ಅವರಜ್ಜಂಗೂ ಇತ್ತು.” ಇನ್ನೊಬ್ಬರು, “ಹಣೇಲಿ ಬರೆದದ್ದು, ಯಾರು ತಪ್ಪಿಸ್ತಾರೆ?” ಹುಟ್ಟು, ವಂಶ, ಹಣೇಬರಹ. ಈ ಮೂರು ಮಾತು ನಮಗೆ ಹೊಸತಲ್ಲ ಗೆಳೆಯರೇ. ಇದೇ ಮೂರು ಮಾತು ಹೇಳಿ ನಮ್ಮನ್ನ ಊರ ಹೊರಗೆ ಇಟ್ಟರು. ಹುಟ್ಟಿನಿಂದ ಅಂತ ಯಾರಾದರೂ ಹೇಳಿದ ತಕ್ಷಣ, ನಿಲ್ಲಪ್ಪ, ಸ್ವಲ್ಪ ಲೆಕ್ಕ ನೋಡೋಣ ಅಂತ ಕೇಳೋದನ್ನ ನಾವು ಕಲೀಬೇಕು. ಉಬ್ಬಸದ ವಿಚಾರದಲ್ಲೂ ಹಾಗೇ ಕೇಳೋಣ.

ಮೊದಲು ಎದೆಯೊಳಗೆ ಏನಾಗುತ್ತೆ ತಿಳೀಬೇಕು. ಒಲೆ ಮುಂದಿರೋ ಊದುಗೊಳವೆ ನೆನಪು ಮಾಡಿಕೊಳ್ಳಿ. ಅದರೊಳಗೆ ಒದ್ದೆ ಬಟ್ಟೆ ಸುತ್ತಿ ತುರುಕಿದರೆ ಊದೋಕೆ ಆಗುತ್ತಾ? ಉಬ್ಬಸದ ಮಗುವಿನ ಶ್ವಾಸನಾಳ ಹಾಗೇ ಆಗುತ್ತೆ. ನಾಳದ ಒಳಗೋಡೆ ಊದಿಕೊಳ್ಳುತ್ತೆ, ಸುತ್ತಲಿನ ಮಾಂಸಖಂಡ ಬಿಗಿದುಕೊಳ್ಳುತ್ತೆ, ಒಳಗೆ ಕಫ ಅಂಟುತ್ತೆ. ಗಾಳಿ ಎಳಕೊಳ್ಳೋದಕ್ಕಿಂತ ಬಿಡೋದು ಕಷ್ಟ. ಆ ಇಕ್ಕಟ್ಟಲ್ಲಿ ತೂರಿ ಬರೋ ಗಾಳಿಯ ಸದ್ದೇ ಗುಯ್ ಗುಯ್. ಕೆಲವು ಮಕ್ಕಳ ನಾಳ ಬಹಳ ಸೂಕ್ಷ್ಮ. ಬೇರೆ ಮಗು ಒಂದು ಸಲ ಕೆಮ್ಮಿ ಮರೆತುಬಿಡೋ ಹೊಗೆಗೆ, ನೆಗಡಿಗೆ, ಧೂಳಿಗೆ ಈ ಮಗುವಿನ ನಾಳ ಮುಷ್ಟಿ ಕಟ್ಟಿಬಿಡುತ್ತೆ. ಐದಾರು ವರ್ಷದೊಳಗೆ ನೆಗಡಿ ಬಂದಾಗ ಮಾತ್ರ ಗುಯ್‌ಗುಟ್ಟೋ ಕೂಸುಗಳಲ್ಲಿ ಬಹಳಷ್ಟಕ್ಕೆ ಬೆಳೀತಾ ಬೆಳೀತಾ ಅದು ನಿಂತುಹೋಗುತ್ತೆ. ಎಲ್ಲಾ ಗುಯ್‌ಗುಟ್ಟೋದೂ ಜೀವಮಾನದ ಉಬ್ಬಸ ಅಂತ ಹೆದರಬೇಕಿಲ್ಲ.

ವಂಶದ ಮಾತು ಪೂರಾ ಸುಳ್ಳಲ್ಲ. ತಾಯಿಗೋ ತಂದೆಗೋ ಉಬ್ಬಸ ಇದ್ದರೆ ಮಗುವಿಗೆ ಬರೋ ಸಂಭವ ಹೆಚ್ಚು. ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಇದನ್ನ ಒಪ್ಪೋಣ. ಆದರೆ ವಂಶ ಕೊಡೋದು ಬೀಜ ಮಾತ್ರ. ಬೀಜ ಮೊಳೆಯೋಕೆ ನೆಲ ಬೇಕು, ನೀರು ಬೇಕು. ಆ ನೆಲ ನೀರು ಯಾವುದು ಅನ್ನೋದಕ್ಕೆ ನಮ್ಮ ಪಕ್ಕದ ಬೆಂಗಳೂರಲ್ಲೇ ಒಂದು ದೊಡ್ಡ ಲೆಕ್ಕ ಇದೆ.

ಡಾಕ್ಟರ್ ಎಚ್. ಪರಮೇಶ್ ಅಂತ ಬೆಂಗಳೂರಿನ ಮಕ್ಕಳ ಡಾಕ್ಟರು. ಇಪ್ಪತ್ತು ವರ್ಷದ ಅವಧಿಯಲ್ಲಿ ಆಸ್ಪತ್ರೆಯ 20,000 ಮಕ್ಕಳ ಲೆಕ್ಕ ತೆಗೆದರು. ಅದು 2002ರಲ್ಲಿ ಪ್ರಕಟವಾಯಿತು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಆಸ್ತಮಾ ಇತ್ತು. 1984ರಲ್ಲಿ 10.5. 1989ರಲ್ಲಿ 18.5. 1994ರಲ್ಲಿ 24.5. 1999ರ ಹೊತ್ತಿಗೆ 29.5. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು! ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಇಡೀ ಊರಿನದಲ್ಲ ಅನ್ನೋದನ್ನ ನೆನಪಿಡಿ. ಕಾಯಿಲೆಯನ್ನ ಗುರುತು ಹಿಡಿಯೋದೂ ಆ ಕಾಲದಲ್ಲಿ ಸುಧಾರಿಸಿತ್ತು ಅನ್ನೋಣ. ಅಷ್ಟೆಲ್ಲ ಕಳೆದರೂ ಒಂದು ಪ್ರಶ್ನೆ ಉಳಿಯುತ್ತೆ. ಇಪ್ಪತ್ತು ವರ್ಷದಲ್ಲಿ ಒಂದು ಊರಿನ ಜನರ ರಕ್ತ ಬದಲಾಗುತ್ತಾ? ಆಗಲ್ಲ. ಬದಲಾದದ್ದು ಬೆಂಗಳೂರು. ರಸ್ತೆ ತುಂಬ ವಾಹನ ಬಂದವು, ಕೆರೆಗಳು ಸೈಟುಗಳಾದವು, ಒಂದು ಕೋಣೆಯಲ್ಲಿ ಎಂಟು ಜನ ಮಲಗೋ ಸಂಸಾರಗಳು ಹೆಚ್ಚಿದವು.

ಪರಮೇಶ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. 12 ಸ್ಕೂಲುಗಳಿಗೆ ಹೋಗಿ 6ರಿಂದ 15 ವರ್ಷದ 6,550 ಮಕ್ಕಳನ್ನ ನೋಡಿದರು. ಮೂರು ಗುಂಪು ಮಾಡಿದರು. ವಾಹನ ಕಡಿಮೆ ಇರೋ ಕಡೆಯ ಸ್ಕೂಲಿನ ಮಕ್ಕಳಲ್ಲಿ ನೂರಕ್ಕೆ 11.15 ಆಸ್ತಮಾ. ವಾಹನ ದಟ್ಟವಾಗಿರೋ ಕಡೆ 19.34. ವಾಹನವೂ ದಟ್ಟ, ಮಕ್ಕಳೂ ಬಡವರು, ಅಂಥ ಸ್ಕೂಲುಗಳಲ್ಲಿ 31.14. ಆಮೇಲೆ ಹಳ್ಳಿಗಳ ಕಡೆಯೂ ನೋಡಿದರು. ಅಲ್ಲಿ 5.7.

ಈ ನಾಲ್ಕು ಅಂಕಿಗಳನ್ನ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಎರಡನೇದನ್ನೂ ಮೂರನೇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಯ ಹೊಗೆ ಎರಡೂ ಕಡೆ ದಟ್ಟವೇ. ಆದರೂ ಬಡವರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹನ್ನೆರಡು ಹೆಚ್ಚು. ಆ ಹನ್ನೆರಡು ಮಕ್ಕಳ ಎದೆಗೆ ಬಿದ್ದದ್ದು ಬಸ್ಸಿನ ಹೊಗೆ ಒಂದೇ ಅಲ್ಲ. ಕಿಟಕಿ ಇಲ್ಲದ ಮನೆ, ಅದೇ ಕೋಣೇಲಿ ಒಲೆ, ಸೋರೋ ಗೋಡೆ, ಹೊಟ್ಟೆಗೆ ಸಾಲದ ಊಟ, ಇವೆಲ್ಲ ಸೇರಿದರೇನೇ ಬಡತನ. ಆ ಗುಂಪುಗಳನ್ನ ಮಾಡಿದ್ದು ರಸ್ತೆ ಮತ್ತು ಬಡತನ ನೋಡಿ, ಜಾತಿ ನೋಡಿ ಅಲ್ಲ. ಆದರೆ ಬೆಂಗಳೂರಿನ ಸ್ಲಮ್ಮುಗಳಲ್ಲಿ ಯಾರಿದ್ದಾರೆ ಅಂತ ನಿಮಗೆ ನಾನು ಹೇಳಿಕೊಡಬೇಕಾ? ಈ ಉಯ್ಯಂಬಳ್ಳಿ ಹೋಬಳಿಯಿಂದ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಅಂತ ಕನಕಪುರ ರಸ್ತೆ ಹಿಡಿದು ಹೋದ ನಮ್ಮ ಅಣ್ಣ ಅತ್ತಿಗೆಯರು ಎಲ್ಲಿ ಶೆಡ್ಡು ಹಾಕಿಕೊಂಡಿದ್ದಾರೆ ಅಂತ ನೆನೆಸಿಕೊಳ್ಳಿ.

ಇನ್ನು ಹಳ್ಳಿಯ 5.7. ಇದನ್ನ ನೋಡಿ ಎದೆಯುಬ್ಬಿಸಬೇಡಿ. ಹಳ್ಳೀಲಿ ಎಷ್ಟೋ ಉಬ್ಬಸಕ್ಕೆ ಹೆಸರೇ ಇರಲ್ಲ, ನೆಗಡಿ ಅಂತಲೋ ಗಾಳಿ ಸೋಕು ಅಂತಲೋ ಹೋಗಿಬಿಡುತ್ತೆ. ಹಾಗಿದ್ದರೂ ಹಳ್ಳಿ ಮಕ್ಕಳಿಗೆ ಆಸ್ತಮಾ ಕಡಿಮೆ ಅನ್ನೋದು ಬೇರೆ ದೇಶಗಳಲ್ಲೂ ಮತ್ತೆ ಮತ್ತೆ ಕಂಡುಬಂದ ಸತ್ಯ. ಅದು ಯಾಕೆ ಅನ್ನೋದರಲ್ಲಿ ಒಂದು ಸ್ವಾರಸ್ಯ ಇದೆ.

ಅಮೆರಿಕದಲ್ಲಿ ಆಮಿಶ್, ಹಟ್ಟರೈಟ್ ಅಂತ ಎರಡು ರೈತ ಪಂಗಡಗಳಿವೆ. ಇಬ್ಬರ ಪೂರ್ವಿಕರೂ ಯುರೋಪಿನಿಂದ ಹೋದೋರು, ರಕ್ತ ಹೆಚ್ಚುಕಡಿಮೆ ಒಂದೇ. ಆಮಿಶರು ಹಳೇ ಕಾಲದ ಬೇಸಾಯ ಬಿಟ್ಟಿಲ್ಲ. ಕುದುರೆ ಕಟ್ಟಿ ಉಳ್ತಾರೆ, ಕೊಟ್ಟಿಗೆ ಮನೆ ಪಕ್ಕದಲ್ಲೇ, ಮಕ್ಕಳು ದನಕರುಗಳ ನಡುವೆ ಆಡಿ ಬೆಳೀತವೆ. ಹಟ್ಟರೈಟರದು ಯಂತ್ರದ ದೊಡ್ಡ ಬೇಸಾಯ, ಕೊಟ್ಟಿಗೆ ದೂರ, ಮಕ್ಕಳು ಅಲ್ಲಿಗೆ ಹೋಗಲ್ಲ. 2016ರಲ್ಲಿ ಪ್ರಕಟವಾದ ಲೆಕ್ಕ ಏನು ಹೇಳ್ತು? ಆಮಿಶ್ ಮಕ್ಕಳಲ್ಲಿ ಆಸ್ತಮಾ ನೂರಕ್ಕೆ 5.2. ಹಟ್ಟರೈಟ್ ಮಕ್ಕಳಲ್ಲಿ 21.3. ಆಮಿಶರ ಮನೆಯ ಧೂಳಲ್ಲಿ ಬ್ಯಾಕ್ಟೀರಿಯಾಗಳ ಅಂಶ ಆರೇಳು ಪಟ್ಟು ಹೆಚ್ಚಿತ್ತು. ಎಳೇ ವಯಸ್ಸಲ್ಲೇ ಆ ಧೂಳು ಮೂಗಿಗೆ ಬಿದ್ದು ಬಿದ್ದು ಮಗುವಿನ ದೇಹ ಯಾವುದು ಶತ್ರು, ಯಾವುದು ಅಲ್ಲ ಅಂತ ಕಲಿತಿತ್ತು. ಹಾಗೆ ಕಲಿಯದ ದೇಹ ಹೂವಿನ ಪರಾಗ ಕಂಡರೂ ಯುದ್ಧಕ್ಕೆ ನಿಲ್ಲುತ್ತೆ.

ಇದನ್ನ ಓದಿದಾಗ ನನಗೆ ನಗು ಬಂತು ಗೆಳೆಯರೇ. ದನ ಮುಟ್ಟೋರು, ಸಗಣಿ ಬಾಚೋರು, ಮಣ್ಣಲ್ಲಿ ಹೊರಳೋರು ಕೊಳಕರು ಅಂತ ಮೂಗು ಮುಚ್ಚಿಕೊಂಡವರ ಮುಂದೆ ವಿಜ್ಞಾನ ಬಂದು, ಕೊಟ್ಟಿಗೆ ಧೂಳು ಕೂಸಿಗೆ ಕಾವಲು ಅಂತ ಹೇಳ್ತಾ ಇದೆ! ಮಡಿ ಯಾರ ಶ್ವಾಸಕೋಶವನ್ನೂ ಕಾಯಲಿಲ್ಲ. ಆದರೆ ಇಲ್ಲೂ ಹುಷಾರಾಗಿರಬೇಕು. ಈ ಕಾವಲು ಹೊಟ್ಟೇಲಿದ್ದಾಗ ಮತ್ತು ಹುಟ್ಟಿದ ಮೊದಲ ಒಂದೆರಡು ವರ್ಷದಲ್ಲಿ ಸಿಕ್ಕಬೇಕಾದ್ದು. ಆಗಲೇ ಉಬ್ಬಸ ಬಂದಿರೋ ಮಗುವನ್ನ ಧೂಳಲ್ಲಿ ಕೂರಿಸಿದರೆ ವಾಸಿಯಾಗಲ್ಲ, ಹೆಚ್ಚಾಗುತ್ತೆ. ನಾಳೆ ಯಾವನಾದರೂ ಗೌಡ ಈ ಲೆಕ್ಕ ಹಿಡಕೊಂಡು, “ನಿನ್ನ ಮಗನ್ನ ನಮ್ಮ ಕೊಟ್ಟಿಗೇಲಿ ಬಿಡು, ಆರೋಗ್ಯಕ್ಕೆ ಒಳ್ಳೇದು” ಅಂದರೆ, ಜೀತ ಪದ್ಧತಿ ರದ್ದಾದ ಕಾನೂನು 1976ರದು ಅಂತ ಜ್ಞಾಪಿಸಿ ಕಳಿಸಿ.

ಕೊಟ್ಟಿಗೆ ಧೂಳಿಗೂ ಒಲೆ ಹೊಗೆಗೂ ಬಹಳ ವ್ಯತ್ಯಾಸ ಇದೆ. ಎಲ್ಲವನ್ನೂ ಒಟ್ಟಿಗೆ ಕೊಳಕು ಅಂದುಬಿಟ್ಟರೆ ಯಾವುದರ ಮೇಲೆ ಜಗಳ ಆಡಬೇಕು ಅಂತ ತಿಳಿಯಲ್ಲ. ಬೇರೆ ಬೇರೆ ಮಾಡಿ ನೋಡೋಣ.

ಮೊದಲನೇದು ತಾಯಿ ಹೊಟ್ಟೆ. ಮಗುವಿನ ಶ್ವಾಸಕೋಶದ ನಾಳಗಳು ಹುಟ್ಟೋ ಮೊದಲೇ ಕವಲೊಡೆದು ಮುಗಿದಿರುತ್ತವೆ. ಬಸುರಿ ಬೀಡಿ ಹೊಗೇಲಿ, ಒಲೆ ಹೊಗೇಲಿ ಇದ್ದರೆ ಅದರ ಪಾಲು ಕೂಸಿಗೂ. ರಕ್ತಹೀನತೆ ಇರೋ ತಾಯಿಗೆ, ತುಂಬು ತಿಂಗಳವರೆಗೂ ಕಳೆ ಕೀಳೋ ತಾಯಿಗೆ ದಿನ ತುಂಬೋ ಮೊದಲೇ ಹೆರಿಗೆ ಆಗೋ ಸಂಭವ ಹೆಚ್ಚು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆ ಇರೋ ಕೂಸಿಗೆ ಉಬ್ಬಸದ ಸಂಭವವೂ ಹೆಚ್ಚು. ಅಂದರೆ ಮಗುವಿನ ಉಸಿರಿನ ಹೋರಾಟ ತಾಯಿಯ ಕೂಲಿಯಿಂದ, ತಾಯಿಯ ಊಟದಿಂದ ಶುರುವಾಗುತ್ತೆ.

ಎರಡನೇದು ಮೊದಲ ವರ್ಷ. ಆರು ತಿಂಗಳು ಬರೀ ಎದೆಹಾಲು ಕುಡಿದ ಕೂಸಿಗೆ ಎದೆಯ ಸೋಂಕು, ಗುಯ್‌ಗುಟ್ಟೋದು ಕಡಿಮೆ. ಎಳೇ ಕೂಸಿಗೆ ಬರೋ ಜೋರು ವೈರಸ್ ಸೋಂಕುಗಳು ಮುಂದೆ ಆಸ್ತಮಾದ ಜತೆ ಕಾಣಿಸಿಕೊಳ್ಳುತ್ತವೆ. ಅದಕ್ಕೇ ಕೆಮ್ಮೋ ದೊಡ್ಡವರು ಕೂಸನ್ನ ಮುದ್ದಾಡೋದು ಬೇಡ. ಗುಯ್‌ಗುಟ್ಟೋ ಕೂಸಿನ ಹೊಟ್ಟೆಗೆ ಬರೆ ಹಾಕೋದಂತೂ ಬೇಡವೇ ಬೇಡ.

ಮೂರನೇದು ಹೊಗೆ. ಸೌದೆ, ಸಗಣಿ ಬೆರಣಿ, ತೊಗರಿ ಕಡ್ಡಿ, ಹಿಪ್ಪುನೇರಳೆ ಕಡ್ಡಿ ಉರಿಯೋ ಒಲೆ. ಹೊಗೆಯಿಂದ ಎಳೇ ಮಕ್ಕಳಿಗೆ ನ್ಯುಮೋನಿಯಾ ಬರುತ್ತೆ ಅನ್ನೋದು ಖಚಿತ. ತೆರೆದ ಒಲೆಯಲ್ಲಿ ಅಡಿಗೆ ಮಾಡೋ ಮನೆಗಳ ಮಕ್ಕಳಲ್ಲಿ ಆಸ್ತಮಾ ಲಕ್ಷಣ ಹೆಚ್ಚು ಅಂತ ಹಲವು ದೇಶಗಳ ಮಕ್ಕಳ ಸಮೀಕ್ಷೆಯೂ ಹೇಳಿದೆ. 2016ರಿಂದ ಉಜ್ವಲಾ ಯೋಜನೇಲಿ ಸಿಲಿಂಡರು ಬಂತು. ಮೂಲೇಲಿ ಸಿಲಿಂಡರು ಕೂತಿದೆ, ಪಕ್ಕದಲ್ಲಿ ಒಲೆ ಉರೀತಾ ಇದೆ, ಅಂಥ ಮನೆಗಳನ್ನ ನೀವೂ ನೋಡಿದ್ದೀರಿ. ಸಿಲಿಂಡರು ಕೊಟ್ಟವರು ಅದನ್ನ ಮತ್ತೆ ಮತ್ತೆ ತುಂಬಿಸೋ ಪೂರಾ ದುಡ್ಡನ್ನ ಕೊಡಲಿಲ್ಲ. ಜತೆಗೆ ಬೀಡಿ. ಅಪ್ಪ ಬೀಡಿ ಸೇದೋ ಹಕ್ಕಿಗಾಗಿ ಮಗಳು ದಮ್ಮು ಕಟ್ಟಬೇಕಾ? ಮನೇಲಿ ಅಪ್ಪನ ಎದುರು ಇದನ್ನ ಹೇಳೋ ಧೈರ್ಯ ಇಲ್ಲದೋನು ಬೀದೀಲಿ ಕ್ರಾಂತಿ ಅಂತ ಕೂಗಿ ಏನು ಪ್ರಯೋಜನ?

ಹಾಸ್ಟೆಲ್ ಹುಡುಗರಿಗೆ ಇನ್ನೊಂದು ಮಾತು. ರಾತ್ರಿ ಬಾಗಿಲು ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿ ಮಲಗ್ತೀರಲ್ಲ, 2003ರಲ್ಲಿ ವಿಜ್ಞಾನಿಗಳು ಅದರ ಹೊಗೆ ಅಳೆದರು. ಒಂದು ಬತ್ತಿ ಪೂರಾ ಉರಿದರೆ ಹೊರಡೋ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ. ಸೊಳ್ಳೆಪರದೆ ಕೇಳಿ, ಕಿಟಕಿಗೆ ಜಾಲರಿ ಕೇಳಿ. ಬತ್ತಿ ಬಿಡಿ.

ನಾಲ್ಕನೇದು ನಮ್ಮ ಸೀಮೆಯ ಬೆಳೆ, ರೇಷ್ಮೆ. ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಎಲ್ಲಿ ನೋಡಿದರೂ ಹಿಪ್ಪುನೇರಳೆ, ಹುಳು, ಗೂಡು. ದುಡ್ಡಿದ್ದೋನಿಗೆ ಹುಳು ಸಾಕೋಕೆ ಬೇರೆ ಮನೆ. ನಮ್ಮೋರಿಗೆ ಇರೋ ಒಂದೇ ಮನೇಲಿ ತಟ್ಟೆಗಳ ಸಾಲು, ಅದರ ಪಕ್ಕದಲ್ಲೇ ಕೂಸಿನ ತೊಟ್ಟಿಲು. ಹುಳುವಿನ, ಚಿಟ್ಟೆಯ ಮೈಯಿಂದ ಉದುರೋ ಪುಡಿ ಕೆಲವರಿಗೆ ಅಲರ್ಜಿ. ಮನೆ ತೊಳೆಯೋ ಫಾರ್ಮಾಲಿನ್, ಬ್ಲೀಚಿಂಗ್ ಪೌಡರ್, ಹುಳುವಿನ ಮೇಲೆ ಉದುರಿಸೋ ಸುಣ್ಣದ ಪುಡಿ, ಇವೆಲ್ಲ ಎದೆಯನ್ನ ಕೆರಳಿಸ್ತವೆ. ನೂಲು ತೆಗೆಯೋ ಫಿಲೇಚರುಗಳ ಕೆಲಸಗಾರರಲ್ಲಿ ಉಬ್ಬಸ ಇರೋದನ್ನ ಬೆಂಗಳೂರಿನ ವಿಜ್ಞಾನಿಗಳು 1985ರಲ್ಲೇ ಬರೆದಿದ್ದಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ದಿಮೆಯಲ್ಲಿ ಸಾಲಕ್ಕೆ ಜೀತಬಿದ್ದ ಮಕ್ಕಳ ಬಗ್ಗೆ ವರದಿ ತಂದಿತು. ಅದರಲ್ಲಿ ಕರ್ನಾಟಕದ ಮಕ್ಕಳೂ ಇದ್ದರು. ಕುದಿಯೋ ನೀರಿಗೆ ಕೈ ಅದ್ದೋ ಆ ಮಕ್ಕಳು ಯಂತ್ರದ ಹೊಗೆ ಕುಡೀತಿದ್ದದ್ದನ್ನೂ ಅದು ದಾಖಲಿಸಿತು. ಸೀರೆಯ ಮಿಂಚು ನೋಡೋರಿಗೆ ಇದು ಕಾಣಲ್ಲ. ಹುಳು ಬಿಡಿ ಅಂತ ನಾನು ಹೇಳ್ತಿಲ್ಲ, ಅದು ಅನ್ನ. ಹುಳುಮನೆ ಬೇರೆ ಆಗಲಿ, ಅದಕ್ಕೆ ಸಿಗೋ ಸಹಾಯಧನ ಒಂದೇ ಕೋಣೆಯ ಮನೆಯವರಿಗೆ ಮೊದಲು ಸಿಗಲಿ. ಅಲ್ಲೀತನಕ ಮದ್ದು ಹೊಡೆಯೋ ದಿನ, ತಟ್ಟೆ ಶುಚಿ ಮಾಡೋ ಹೊತ್ತು ಕೂಸನ್ನ ಹೊರಗೆ ಇಟ್ಟುಕೊಳ್ಳಿ.

ಕಲ್ಲು ಕ್ವಾರಿ, ಕ್ರಷರ್ ಧೂಳಿನ ಮಾತೂ ಹೀಗೇ. ಕಲ್ಲು ಒಡೆಯೋರಿಗೆ ಅದು ಸಿಲಿಕೋಸಿಸ್ ತರುತ್ತೆ, ಅದು ಬೇರೇ ಕಾಯಿಲೆ, ವಾಸಿಯಾಗದ ಕಾಯಿಲೆ. ಪಕ್ಕದ ಗುಡಿಸಲಿನ ಉಬ್ಬಸದ ಮಗುವಿಗೆ ಅದೇ ಧೂಳು ಆ ರಾತ್ರಿಯ ದಮ್ಮು. ಇನ್ನು ರಸ್ತೆ ಬದಿ ಬಿಳಿ ಹೂ ಬಿಡೋ ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಅದರ ಪರಾಗದಿಂದ ಸೀನು, ಉಬ್ಬಸ ಬರೋದನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಹೂ ಬಿಡೋ ಮೊದಲೇ ಕೀಳಬೇಕು. ಕೀಳುವಾಗ ಕೈಗೆ ಚೀಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರೋರು ಆ ಕೆಲಸಕ್ಕೆ ಬರೋದು ಬೇಡ.

ಇದು ನಮ್ಮ ಕೇರಿಯ ಕತೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಊರುಗಳ ನಡುವೆ ಕರಿಯ ಜನ, ಬಡವರು ಇಕ್ಕಟ್ಟಲ್ಲಿ ಬದುಕೋ ಬೀದಿಗಳಿವೆ. ಅಲ್ಲಿನ ಉಬ್ಬಸದ ಮಕ್ಕಳ ಅಧ್ಯಯನ 1997ರಲ್ಲಿ ಬಂತು. ಜಿರಳೆಗೆ ಅಲರ್ಜಿ ಇದ್ದು, ಮಲಗೋ ಕೋಣೇಲೂ ಜಿರಳೆಯ ಅಂಶ ಹೆಚ್ಚಿದ್ದ ಮಕ್ಕಳು ಬೇರೆ ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ಜಿರಳೆ ಎಲ್ಲಿ ಹೆಚ್ಚು? ಸೋರೋ ನಲ್ಲಿ, ಒಡೆದ ಗೋಡೆ, ಮನೆ ಮಾಲೀಕ ತಿರುಗಿ ನೋಡದ ವಠಾರದಲ್ಲಿ.

ಲಂಡನ್ನಿನ ಎಲ್ಲಾ ಕಿಸ್ಸಿ-ಡೆಬ್ರಾ ಅನ್ನೋ ಕರಿಯ ಹುಡುಗಿಯ ಹೆಸರು ನೆನಪಿಟ್ಟುಕೊಳ್ಳಿ. ಸೌತ್ ಸರ್ಕ್ಯುಲರ್ ಅನ್ನೋ ಗಿಜಿಗುಡೋ ರಸ್ತೆಯ ಪಕ್ಕದಲ್ಲೇ ಅವಳ ಮನೆ. ಉಬ್ಬಸದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ 2013ರ ಫೆಬ್ರವರಿಯಲ್ಲಿ ತೀರಿಕೊಂಡಳು. ಒಂಬತ್ತು ವರ್ಷ ಅವಳಿಗೆ. ಅವಳ ತಾಯಿ ರೋಸಮಂಡ್, ಟೀಚರಾಗಿದ್ದ ಹೆಣ್ಣುಮಗಳು, ಅಳುತ್ತಾ ಕೂರಲಿಲ್ಲ. ನನ್ನ ಮಗಳು ಯಾಕೆ ಸತ್ತಳು ಹೇಳಿ ಅಂತ ವರ್ಷಗಟ್ಟಲೆ ಕೇಳಿದಳು. ಒಂದು ಸಲ ಆಗಿದ್ದ ವಿಚಾರಣೆಯ ತೀರ್ಮಾನವನ್ನೇ ರದ್ದು ಮಾಡಿಸಿದಳು. 2020ರ ಡಿಸೆಂಬರ್ 16ರಂದು ಸಾವಿನ ವಿಚಾರಣಾಧಿಕಾರಿ ತೀರ್ಪು ಕೊಟ್ಟರು. ಆ ಸಾವಿಗೆ ಕೆಟ್ಟ ಗಾಳಿಯೂ ಒಂದು ಕಾರಣ. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಸಾವಿನ ಕಾರಣದಲ್ಲಿ ವಾಯುಮಾಲಿನ್ಯದ ಹೆಸರು ಬರೆದದ್ದು ಅದೇ ಮೊದಲು. ಹಣೇಬರಹ ಅಂತ ಮುಚ್ಚಿಹಾಕೋ ಸಾವನ್ನ ಒಬ್ಬ ತಾಯಿ ಕಾಗದದ ಮೇಲೆ ಕಾರಣ ಸಮೇತ ಬರೆಸಿದಳು. ನಮ್ಮ ಹೋರಾಟಗಳಿಗೂ ಇದೊಂದು ಪಾಠ.

ಬಂದ ಮೇಲೆ ಏನು ಮಾಡಬೇಕು? ಇಲ್ಲೂ ಲೆಕ್ಕ ನಾಚಿಕೆ ತರಿಸುತ್ತೆ. ಇಡೀ ಪ್ರಪಂಚದ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಜನ ಭಾರತದವರು. ಆದರೆ ಆಸ್ತಮಾದಿಂದ ಸಾಯೋರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನ ಭಾರತದವರು ಅಂತ ಅಂದಾಜು. ಕಾಯಿಲೆ ನಮ್ಮಲ್ಲಿ ಅಷ್ಟು ಹೆಚ್ಚಿಲ್ಲ, ಸಾವು ಹೆಚ್ಚು! ಮದ್ದು ಇರೋ ಕಾಯಿಲೆಗೆ ಮದ್ದು ಸಿಗದೆ ಸಾಯ್ತಿದ್ದೀವಿ ಅಂತ ಇದರ ಅರ್ಥ.

ಮದ್ದು ಎರಡು ತರಹ. ಒಂದು ಆ ಕ್ಷಣಕ್ಕೆ ಬಿಗಿದ ನಾಳವನ್ನ ಸಡಿಲ ಮಾಡೋದು, ಸಾಲ್ಬುಟಮಾಲ್. ಇನ್ನೊಂದು ನಾಳದ ಊತವನ್ನೇ ಇಳಿಸೋದು, ಬುಡೆಸೊನೈಡ್ ತರಹದ್ದು. ಇದನ್ನ ಡಾಕ್ಟರು ಹೇಳಿದಷ್ಟು ದಿನ, ಮಗು ಚೆನ್ನಾಗಿ ಓಡಾಡ್ತಿದ್ದರೂ ಬಿಡದೆ ಎಳೀಬೇಕು. ಬರೀ ಮೊದಲನೇದನ್ನ ನೆಚ್ಚಿಕೊಂಡರೆ ಬೆಂಕಿ ಹಾಗೇ ಇಟ್ಟು ಹೊಗೆ ಬೀಸಿದ ಹಾಗೆ. ಇನ್‌ಹೇಲರ್ ಹಿಡಿದರೆ ಚಟ ಆಗುತ್ತೆ, ಹೆಣ್ಣುಮಕ್ಕಳಿಗೆ ಗಂಡು ಸಿಗಲ್ಲ ಅಂತ ಮುಚ್ಚಿಡೋರಿದ್ದಾರೆ. ಚಟ ಆಗಲ್ಲ. ಗುಳಿಗೆ, ಸಿರಪ್ಪು ಇಡೀ ಮೈ ಸುತ್ತುತ್ತವೆ, ಇನ್‌ಹೇಲರ್ ಮದ್ದು ನೇರ ಎದೆಗೆ ಹೋಗುತ್ತೆ. ಅದಕ್ಕೇ ಸ್ವಲ್ಪ ಮದ್ದೇ ಸಾಕು.

ಮಕ್ಕಳಿಗೆ ಇನ್‌ಹೇಲರನ್ನ ನೇರ ಎಳಕೊಳ್ಳೋಕೆ ಬರಲ್ಲ. ನಡುವೆ ಸ್ಪೇಸರ್ ಅನ್ನೋ ಡಬ್ಬಿ ಬೇಕು. ಅದಕ್ಕೆ ದುಡ್ಡಿಲ್ಲವಾ? ದಕ್ಷಿಣ ಆಫ್ರಿಕದ ಕೇಪ್‌ಟೌನ್ ಡಾಕ್ಟರುಗಳು 1999ರಲ್ಲಿ ತೋರಿಸಿಕೊಟ್ಟರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ತಳದಲ್ಲಿ ಇನ್‌ಹೇಲರಿನ ಬಾಯಿ ಹಿಡಿಯೋ ಅಳತೆಗೆ ತೂತು ಮಾಡಿ, ಗಾಳಿ ಸೋರದ ಹಾಗೆ ಸುತ್ತ ಅಂಟು ಹಾಕಿ ಮುಚ್ಚಬೇಕು. ಮಗು ಬಾಟಲಿಯ ಬಾಯನ್ನ ತುಟೀಲಿ ಹಿಡಿದು, ಒಂದು ಸಲ ಒತ್ತಿದ್ದಕ್ಕೆ ಐದಾರು ಸಲ ಮೆಲ್ಲಗೆ ಉಸಿರಾಡಬೇಕು. ಅಂಗಡಿ ಸ್ಪೇಸರಿನಷ್ಟೇ ಕೆಲಸ ಮಾಡಿತು. ಅಂಟು ಹಾಕದೆ ಸೋರೋ ಬಾಟಲಿ ಅಷ್ಟು ಕೆಲಸ ಮಾಡಲಿಲ್ಲ. ಇದನ್ನ ಪ್ರತಿ ಹಾಸ್ಟೆಲಲ್ಲೂ ಒಬ್ಬ ಕಲಿತಿರಬೇಕು. ಮಾತು ಪೂರಾ ಆಡೋಕೆ ಆಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆ ಒಳಕ್ಕೆ ಸೆಳೆದರೆ ಬೆಳಗಾಗಲಿ ಅಂತ ಕಾಯಬಾರದು. ಮಲಗಿಸದೆ ಕೂರಿಸಿಕೊಂಡು, ಇನ್‌ಹೇಲರ್ ಕೊಡ್ತಾನೇ ಆಸ್ಪತ್ರೆಗೆ ಓಡಬೇಕು. 108ಕ್ಕೆ ಫೋನ್ ಮಾಡಿ.

ಮೃಗಶಿರಾ ಮಳೆ ಹುಟ್ಟೋ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಮರಿಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸ್ತಾರೆ, ಪುಕ್ಕಟೆ. ನಮ್ಮ ಜನ ಸಾಲ ಮಾಡಿ ರೈಲು ಹತ್ತಿ ಹೋಗ್ತಾರೆ. ಅವರನ್ನ ನಾನು ಹೀಯಾಳಿಸಲ್ಲ. ಹತ್ತಿರದ ಆಸ್ಪತ್ರೇಲಿ ಇನ್‌ಹೇಲರ್ ಸಿಗದ ತಾಯಿ ಇನ್ನೆಲ್ಲಿಗೆ ಹೋಗ್ತಾಳೆ? ಆದರೆ ಆ ಮದ್ದಿನ ಗುಟ್ಟನ್ನ ಮನೆತನ ಹೊರಗೆ ಹೇಳಿಲ್ಲ. ಪರೀಕ್ಷೆಗೆ ನಿಲ್ಲದ ಮದ್ದನ್ನ ನಂಬಿ ಇನ್‌ಹೇಲರ್ ಬಿಡಬೇಡಿ.

ಇನ್ನು ನಾವು ಕೇಳಬೇಕಾದ್ದು. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಲ್ಲಿ ಇನ್‌ಹೇಲರ್ ಇದೆಯಾ ಅಂತ ಹೋಗಿ ಕೇಳಿ. ಇಲ್ಲ ಅಂದರೆ ಬರೆದು ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಹಾಸ್ಟೆಲಿನ ಸೋರೋ ಗೋಡೆ, ಬೂಷ್ಟು ಹಿಡಿದ ಮೂಲೆ ಉಬ್ಬಸಕ್ಕೆ ದಾರಿ ಅನ್ನೋದು ಸಾಬೀತಾದ ಮಾತು, ವಾರ್ಡನ್ನಿಗೆ ಹಾಗೇ ಬರೆದುಕೊಡಿ. ಹಾಸಿಗೆ, ಹೊದಿಕೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಆಶ್ರಯ ಮನೆ ಮಂಜೂರಾಗೋವಾಗ ಅಡಿಗೆ ಕೋಣೆಗೆ ಕಿಟಕಿ ಇದೆಯಾ, ಹೊಗೆ ಹೋಗೋಕೆ ದಾರಿ ಇದೆಯಾ ಅಂತ ನಕ್ಷೆ ಕೇಳಿ ನೋಡಿ. ಕ್ರಷರಿನ ವಿಚಾರ ಬರೋ ಗ್ರಾಮಸಭೆಗೆ ಹೋಗಿ ಹಿಂದಿನ ಸಾಲಲ್ಲಿ ಕೂರಬೇಡಿ, ಕೈ ಎತ್ತಿ ಕೇಳಿ. ಧೂಳು ಯಾವ ಕಡೆ ಹೋಗುತ್ತೆ? ಆ ಕಡೆ ಯಾರ ಮನೆಗಳಿವೆ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ನೀರಿಗೆ ಬೇಲಿ ಇತ್ತು, ಅದು ಕಣ್ಣಿಗೆ ಕಾಣ್ತಿತ್ತು. ಗಾಳಿಯ ಬೇಲಿ ಕಾಣಲ್ಲ. ಅದು 11.15 ಮತ್ತು 31.14 ಅನ್ನೋ ಎರಡು ಅಂಕಿಗಳ ನಡುವೆ ನಿಂತಿದೆ. ನಮ್ಮ ಮಕ್ಕಳ ರಕ್ತದಲ್ಲಿ ಯಾವ ದೋಷವೂ ಇಲ್ಲ. ಅವರು ಉಸಿರಾಡೋ ಜಾಗವನ್ನ ಬೇರೆಯವರು ಗೊತ್ತುಮಾಡಿದ್ದಾರೆ. ಮನುಷ್ಯರು ಗೊತ್ತುಮಾಡಿದ್ದನ್ನ ಮನುಷ್ಯರು ಬದಲಾಯಿಸಬಹುದು.

ಇವತ್ತು ಇಲ್ಲಿಂದ ಎದ್ದು ಹೋದ ಮೇಲೆ ನಿಮ್ಮ ನಿಮ್ಮ ಕೇರೀಲಿ ಗುಯ್‌ಗುಟ್ಟೋ ಮಕ್ಕಳು ಎಷ್ಟು, ಅವರ ಮನೇಲಿ ಒಲೆ ಎಲ್ಲಿದೆ, ಇನ್‌ಹೇಲರ್ ಇದೆಯಾ ಅಂತ ಒಂದು ಪಟ್ಟಿ ಮಾಡಿ. ಮುಂದಿನ ಸಭೆಗೆ ಆ ಪಟ್ಟಿ ತನ್ನಿ. ಅದನ್ನ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು ಅಂತ ಕೂತು ಮಾತಾಡೋಣ.

ಜೈ ಭೀಮ್.